ಫರ್ಮ್‌ವೇರ್ ಅಪ್‌ಡೇಟ್‌ಗೆ ಕನ್ನಡ ಪದ ಬೇಕು, ಇವತ್ತು ಸಂಜೆಯೊಳಗೆ

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಾಡು ಕೇಳುವ ಸ್ಟ್ರೀಮರ್ ಒಂದರ ಕೈಪಿಡಿ ಮಾಡುತ್ತಿದ್ದೇನೆ. ಆರು ಗಂಟೆಗೆ ಅಚ್ಚಿಗೆ ಹೋಗಬೇಕು. ಟಿವಿಯ ಸದ್ದನ್ನೂ ಇದರಲ್ಲೇ ಕೇಳಲು ಟಿವಿಗೆ ಜೋಡಿಸುವ ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ. ಹೇಳಬೇಕಾದದ್ದು ಎರಡೇ ಮಾತು. ಫರ್ಮ್‌ವೇರ್, ಅಂದರೆ ಪೆಟ್ಟಿಗೆಯ ಚಿಪ್‌ನಲ್ಲೇ ಕೂತಿರುವ ತಂತ್ರಾಂಶ, ಅಪ್‌ಡೇಟ್ ಆಗುವಾಗ ಕರೆಂಟ್ ತೆಗೆಯಬೇಡಿ. ಅಪ್‌ಡೇಟ್ ಆದಮೇಲೆ ಎಚ್‌ಡಿಎಂಐ (ಚಿತ್ರ, ಸದ್ದು ಎರಡನ್ನೂ ಒಯ್ಯುವ ತಂತಿ) ಹ್ಯಾಂಡ್‌ಶೇಕ್, ಅಂದರೆ ಎರಡು ಪೆಟ್ಟಿಗೆಗಳ ಪರಸ್ಪರ ಪರಿಚಯ, ಆಗದಿದ್ದರೆ ಹೀಗೆ ಮಾಡಿ.

ಇಂಗ್ಲಿಷ್ ಪದ ಇರಬಾರದು ಎಂದು ಕೆಲಸ ಕೊಟ್ಟವರು ಹೇಳಿದ್ದಾರೆ. ನಾನು 'ಸ್ಥಿರತಂತ್ರಾಂಶ ನವೀಕರಣ' ಎಂದೂ 'ಹಸ್ತಲಾಘವ' ಎಂದೂ ಬರೆದಿದ್ದೆ. ನಮ್ಮ ಮಾವನವರಿಗೆ ಓದಲು ಕೊಟ್ಟೆ. "ಸ್ಥಿರ ಅಂದಮೇಲೆ ಬದಲಾಗಬಾರದು ಅಲ್ವಾ? ನವೀಕರಣಕ್ಕೆ ವರ್ಷಕ್ಕೆ ಎಷ್ಟು ಕಟ್ಟಬೇಕು?" ಎಂದು ಕೇಳಿದರು. ಅವರ ತಲೆಯಲ್ಲಿದ್ದದ್ದು ಲೈಸೆನ್ಸ್ ನವೀಕರಣ. ಬೇಗ ಯಾರಾದರೂ ದಾರಿ ತೋರಿಸಿ.

ಹಳೆ ಮೇಷ್ಟ್ರು, ಧಾರವಾಡ:

ನಿಮ್ಮ ಮಾವನವರು ಹೇಳಿದ್ದೇ ಸರಿ. 'ಫರ್ಮ್' ಎಂದರೆ ಇಲ್ಲಿ ಸ್ಥಿರ ಅಲ್ಲ. ಹಾರ್ಡ್‌ವೇರ್‌ನ ಗಟ್ಟಿಗೂ ಸಾಫ್ಟ್‌ವೇರ್‌ನ ಮೆತ್ತಗೂ ನಡುವಿನದು. ಈ ಪದವನ್ನು 1967ರಲ್ಲಿ ಡೇಟಾಮೇಷನ್ ಪತ್ರಿಕೆಯಲ್ಲಿ ಆಶರ್ ಓಪ್ಲರ್ ಟಂಕಿಸಿದರು. ಪ್ರೊಸೆಸರ್‌ನ ತೀರ ಒಳಗಿನ ಆಜ್ಞೆಗಳಿಗೆ, ಅಂದರೆ ಮೈಕ್ರೋಕೋಡ್‌ಗೆ, ಇಟ್ಟ ಹೆಸರು ಅದು. ಆಮೇಲೆ ಚಿಪ್‌ನಲ್ಲಿ ಕೂತ ತಂತ್ರಾಂಶಕ್ಕೆಲ್ಲ ಅಂಟಿಕೊಂಡಿತು.

ಹಸ್ತಲಾಘವದ ಕಥೆ ಇನ್ನೂ ಚೆನ್ನಾಗಿದೆ. ಸಂಸ್ಕೃತದಲ್ಲಿ ಅದು ಕೈಚಳಕ. ಲಾಘವ ಎಂದರೆ ಹಗುರತನ. ಕೈ ಕುಲುಕುವುದಕ್ಕೆ ಅದನ್ನು ಬಳಸಿದವರು ನಾವು. ನಿಮ್ಮ ಕೈಪಿಡಿಯಲ್ಲಿ ಟಿವಿಯ ಕೈಚಳಕ ವಿಫಲವಾಗುತ್ತದೆ. ಮ್ಯಾಜಿಕ್ ಷೋ ಏನ್ರೀ ಅದು?

ಅಚ್ಚಗನ್ನಡದವ, ಶಿವಮೊಗ್ಗ:

ಮೇಷ್ಟ್ರು ಅರ್ಧ ದಾರಿ ಬಂದು ನಿಂತಿದ್ದಾರೆ. ನಡುವಿನದು ಎಂದು ಅವರೇ ಹೇಳಿದರು. 'ವೇರ್' ಎಂದರೆ ಸರಕು. ಹಾಗಾದರೆ ಗಟ್ಟಿಸರಕು, ಮೆದುಸರಕು, ನಡುಸರಕು. ಅಪ್‌ಡೇಟ್‌ಗೆ 'ಹೊಸತಾಗಿಸು'. ಹ್ಯಾಂಡ್‌ಶೇಕ್‌ಗೆ 'ಕೈಕುಲುಕು'. ಒಂದೂ ಮಹಾಪ್ರಾಣ ಇಲ್ಲ. ಮುಗಿಯಿತಲ್ಲ?

ಹಳೆ ಮೇಷ್ಟ್ರು:

ಮುಗಿಯಲಿಲ್ಲ. ನಡುಸರಕು ಎಂದರೆ ಲಾರಿಯ ಮಧ್ಯದಲ್ಲಿ ತುಂಬಿದ ಮಾಲು. ಸರಕಿಲ್ಲದ ಮಾತು.

ಟಿವಿ ಅಂಗಡಿ, ಹಾಸನ:

ಮೇಡಂ, ನಾನು ಭಾಷೆ ಓದಿದವನಲ್ಲ. ಈ ಗುಂಪಿನಲ್ಲಿ ಸುಮ್ನೆ ಓದುತ್ತಾ ಇರುತ್ತೇನೆ. ಅಂಗಡಿಗೆ ಬರುವವರು ಯಾರೂ ಫರ್ಮ್‌ವೇರ್ ಎನ್ನುವುದಿಲ್ಲ. "ಸಾಫ್ಟ್‌ವೇರ್ ಹಾಕಿಕೊಡಿ" ಎನ್ನುತ್ತಾರೆ. ನಡುವೆ ಕರೆಂಟ್ ಹೋಗಿ ಕೆಟ್ಟರೆ "ಡೆಡ್ ಆಯ್ತು" ಎನ್ನುತ್ತಾರೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಿರುವಾಗ ಕರೆಂಟ್ ಹೋದರೆ ಎರಡೂ ಪೂರ್ತಿ ಇರುವುದಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಹಳೆಯದರ ಪ್ರತಿ ಬೇರೆ ಕಡೆ ಇರುತ್ತದೆ, ಅವು ಬದುಕುತ್ತವೆ. ಉಳಿದವು ಮೇಲೇಳುವುದೇ ಇಲ್ಲ. ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತೇ ಇದೆ. ಆದ್ದರಿಂದ ಆ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿ. ಪದ ಯಾವುದಾದರೂ ಇರಲಿ.

ಹ್ಯಾಂಡ್‌ಶೇಕ್ ಬಗ್ಗೆ. ಅಲ್ಲಿ ಕೈ ಕುಲುಕುವುದು ಏನೂ ಇಲ್ಲ. ತಂತಿ ಚುಚ್ಚಿದಾಗ ಎರಡೂ ಪೆಟ್ಟಿಗೆಗಳು "ನೀನು ಯಾರು, ಯಾವ ಬಗೆಯ ಸದ್ದು ತೆಗೆದುಕೊಳ್ಳುತ್ತೀಯ" ಎಂದು ವಿಚಾರಿಸಿಕೊಳ್ಳುತ್ತವೆ. ಅಪ್‌ಡೇಟ್ ಆದಮೇಲೆ ಕೆಲವೊಮ್ಮೆ ಒಂದು ಪೆಟ್ಟಿಗೆ ಹಳೆಯ ಉತ್ತರವನ್ನೇ ನೆನಪಿಟ್ಟುಕೊಂಡಿರುತ್ತದೆ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಎರಡು ನಿಮಿಷ ಬಿಡಬೇಕು. ಮತ್ತೆ ಹಾಕಿದಾಗ ಹೊಸದಾಗಿ ಕೇಳಿಕೊಳ್ಳುತ್ತವೆ.

ಇನ್ನೂ ಎರಡು ಕಡೆ ಜನ ಎಡವುತ್ತಾರೆ. ಟಿವಿಯ ಹಿಂದೆ ಮೂರು ನಾಲ್ಕು ಎಚ್‌ಡಿಎಂಐ ತೂತು ಇರುತ್ತವೆ. ಸದ್ದು ಹೊರಗೆ ಬರುವುದು ಸಾಮಾನ್ಯವಾಗಿ ಒಂದರಲ್ಲೇ, ಎಆರ್‌ಸಿ (ಟಿವಿಯ ಸದ್ದನ್ನು ಅದೇ ತಂತಿಯಲ್ಲಿ ವಾಪಸ್ ಕಳಿಸುವ ಏರ್ಪಾಡು) ಎಂದು ಬರೆದಿರುವುದರಲ್ಲಿ. ಅದು 2009ರ ಎಚ್‌ಡಿಎಂಐ 1.4ರ ಜೊತೆ ಬಂತು. ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ, ಅಂದರೆ ಒಂದು ಪೆಟ್ಟಿಗೆ ಇನ್ನೊಂದಕ್ಕೆ ಅಪ್ಪಣೆ ಕೊಡುವ ಏರ್ಪಾಡು, ಆನ್ ಇರಬೇಕು. ಅದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ, ಅದೇ ತಲೆನೋವು. ಇನ್ನೊಂದು, ಟಿವಿ ಡಾಲ್ಬಿ ಎಂಬ ಕುಗ್ಗಿಸಿದ ಬಗೆಯ ಸದ್ದು ಕಳಿಸುತ್ತಿರುತ್ತದೆ, ಸ್ಟ್ರೀಮರ್‌ಗೆ ಪಿಸಿಎಂ ಎಂಬ ಕುಗ್ಗಿಸದ ಬಗೆ ಮಾತ್ರ ಅರ್ಥವಾಗುತ್ತದೆ. ಚಿತ್ರ ಬರುತ್ತದೆ, ಸದ್ದಿಲ್ಲ. ಟಿವಿಯಲ್ಲಿ ಪಿಸಿಎಂ ಆರಿಸಿದರೆ ಸರಿಹೋಗುತ್ತದೆ.

ಅನುವಾದಕಿ:

ಅಣ್ಣಾ, ತುಂಬಾ ಉಪಕಾರವಾಯಿತು. ನಮ್ಮ ಮನೆಯ ಪೆಟ್ಟಿಗೆಗೂ ಹೋದ ತಿಂಗಳು ಇದೇ ಆಗಿತ್ತು. ರಾತ್ರಿ ಅಪ್‌ಡೇಟ್ ಆಯಿತು, ಬೆಳಿಗ್ಗೆ ವಾರ್ತೆ ಮೂಕಿ. ಸಹಾಯವಾಣಿಯವರು "ಹೊಸ ಕೇಬಲ್ ತೊಗೊಳ್ಳಿ" ಎಂದರು. ತೊಗೊಂಡೆ ಕೂಡ. ಪ್ಲಗ್ ಕೀಳಿ ಎಂದು ಯಾರೂ ಹೇಳಲಿಲ್ಲ.

ಹ್ಯಾಂಡ್‌ಶೇಕ್‌ಗೆ 'ಒಂದನ್ನೊಂದು ಗುರುತು ಹಿಡಿಯದಿದ್ದರೆ' ಎಂದು ಹಾಕುತ್ತೇನೆ. ಫರ್ಮ್‌ವೇರ್‌ಗೆ 'ಒಳತಂತ್ರಾಂಶ' ಆಗಬಹುದೇ?

ಹಳೆ ಮೇಷ್ಟ್ರು:

ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಕಟ್ಟಬಾರದು ಎಂದು ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಹೇಳಿದ್ದಾನೆ. 'ಅಂತಸ್ತಂತ್ರಾಂಶ' ಎನ್ನಿ.

ಅಚ್ಚಗನ್ನಡದವ:

ಅಂತಸ್ತಂತ್ರಾಂಶ! ಅದನ್ನು ಉಚ್ಚರಿಸುವಷ್ಟರಲ್ಲಿ ಅಪ್‌ಡೇಟ್ ಮುಗಿದಿರುತ್ತದೆ. ಮೇಷ್ಟ್ರು 'ಮಳೆಗಾಲ' ಎನ್ನುವುದಿಲ್ಲವೇ? ಮಳೆ ಕನ್ನಡ, ಕಾಲ ಸಂಸ್ಕೃತ. ಧಾರವಾಡದಲ್ಲಿ ವರ್ಷಾಕಾಲದಲ್ಲಿ ಕೊಡೆ ಹಿಡಿಯುತ್ತೀರಾ?

ಹಳೆ ಮೇಷ್ಟ್ರು:

ಮಳೆಗಾಲ ರೂಢಿಯಲ್ಲಿ ಬಂದದ್ದು. ಅಲ್ಲಿ 'ಕಾಲ' ತಗ್ಗಿ 'ಗಾಲ' ಆಗಿದೆ, ಕನ್ನಡದ ಆದೇಶ ಸಂಧಿಗೆ ತಲೆ ಬಾಗಿಸಿದೆ. ಈ ತಂತ್ರಾಂಶ ಬಾಗುತ್ತದೆಯೇ?

ಅಚ್ಚಗನ್ನಡದವ:

ಬಾಗಿಸೋಣ. ತಕಾರಕ್ಕೆ ದಕಾರ. ಒಳದಂತ್ರಾಂಶ.

ಟಿವಿ ಅಂಗಡಿ:

ಹಲ್ಲಿನ ಡಾಕ್ಟರ್ ಹತ್ತಿರ ಸಿಗುವ ವಸ್ತು ಅನಿಸುತ್ತಿದೆ ಸಾರ್.

ಓದುಗಿ, ಮೈಸೂರು:

ನೀವೆಲ್ಲ ಹೊಸ ಪದ ಹುಟ್ಟುವುದೇ ಇಲ್ಲ ಎನ್ನುವಂತೆ ಮಾತಾಡುತ್ತೀರಿ. 'ಆಕಾಶವಾಣಿ' ನಮ್ಮೂರಿನ ಪದ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಇಲ್ಲಿ ತಮ್ಮ ಮನೆಯಿಂದ ಶುರು ಮಾಡಿದ ನಿಲಯದ ಹೆಸರು. ಆಮೇಲೆ ಇಡೀ ದೇಶ ಅದನ್ನೇ ತೆಗೆದುಕೊಂಡಿತು. ಇಂಗ್ಲಿಷ್ ಬೇಡ ಎಂದವರು ಕಂಡುಕೊಂಡ ಪದ ಗೆಲ್ಲಲಿಲ್ಲವೇ?

ಹಳೆ ಮೇಷ್ಟ್ರು:

ಗೆದ್ದದ್ದು ನಿಲಯದ ಹೆಸರು. ಪೆಟ್ಟಿಗೆಯನ್ನು ನಿಮ್ಮ ಮನೆಯಲ್ಲೂ ರೇಡಿಯೋ ಎಂದೇ ಕರೆದರು. "ಆಕಾಶವಾಣಿಯ ಬ್ಯಾಟರಿ ಬದಲಿಸು" ಎಂದವರನ್ನು ನಾನು ನೋಡಿಲ್ಲ.

ಓದುಗಿ, ಮೈಸೂರು:

ಹಾಗಾದರೆ ಪೆಟ್ಟಿಗೆಗಳ ಹೆಸರು ಹೊರಗಿನಿಂದಲೇ ಬರಲಿ ಬಿಡಿ. ನೀವು ಕೂತಿರುವ ಕುರ್ಚಿ ಅರಬ್ಬಿ, ಮುಂದಿರುವ ಮೇಜು ಪೋರ್ಚುಗೀಸರದ್ದು. ಅವನ್ನು ಯಾರೂ ವಾಪಸ್ ಕಳಿಸಿಲ್ಲ. ಫರ್ಮ್‌ವೇರ್‌ಗೆ ಮಾತ್ರ ಯಾಕೆ ಬಾಗಿಲಲ್ಲಿ ತಡೆ?

ಅಚ್ಚಗನ್ನಡದವ:

ಮೇಜು ಒಂದು ಬಂತು, ಕೂತಿತು. ಈಗ ದಿನಕ್ಕೆ ನೂರು ಬರುತ್ತಿವೆ, ನಾಮಪದದ ಜೊತೆ ಕ್ರಿಯಾಪದವೂ ಬರುತ್ತಿದೆ. 'ಅಪ್‌ಡೇಟ್ ಮಾಡು', 'ಕನೆಕ್ಟ್ ಮಾಡು', 'ಸೆಲೆಕ್ಟ್ ಮಾಡು'. ಕನ್ನಡಕ್ಕೆ ಉಳಿದದ್ದು 'ಮಾಡು' ಒಂದೇ. ನನ್ನ ಸಿಟ್ಟು ಅದಕ್ಕೆ. ಫರ್ಮ್‌ವೇರ್ ಇಟ್ಟುಕೊಳ್ಳಿ ಬೇಕಾದರೆ. ಜೋಡಿಸು, ಆರಿಸು, ಕೀಳು ಎನ್ನುವುದನ್ನಾದರೂ ಬಿಡಬೇಡಿ.

ಅನುವಾದಕಿ:

ಈಗ ತಾನೇ ಕಳಿಸಿದೆ. ಹೋದದ್ದು ಹೀಗೆ:

'ಪೆಟ್ಟಿಗೆಯ ಒಳತಂತ್ರಾಂಶ ಬದಲಾಗುತ್ತಿರುವಾಗ ದೀಪ ಮಿನುಗುತ್ತದೆ. ಮಿನುಗುವುದು ನಿಲ್ಲುವವರೆಗೆ ಪ್ಲಗ್ ಕೀಳಬೇಡಿ. ಬದಲಾದ ಮೇಲೆ ಟಿವಿಯ ಸದ್ದು ಬಾರದಿದ್ದರೆ, ಟಿವಿಯೂ ಪೆಟ್ಟಿಗೆಯೂ ಒಂದನ್ನೊಂದು ಗುರುತು ಹಿಡಿದಿಲ್ಲ. ಎರಡರ ಪ್ಲಗ್ಗನ್ನೂ ಕಿತ್ತು, ಎರಡು ನಿಮಿಷ ಬಿಟ್ಟು ಹಾಕಿ.'

'ನವೀಕರಣ' ತೆಗೆದೆ. ಮಾವನವರು ಓದಿ ದುಡ್ಡಿನ ಮಾತು ಎತ್ತಲಿಲ್ಲ. ಪ್ಲಗ್ ಉಳಿದಿದೆ, ಕ್ಷಮಿಸಿ.

ಹಳೆ ಮೇಷ್ಟ್ರು:

ಪ್ಲಗ್ ಇರಲಿ. ಅರಿಸಮಾಸವನ್ನು ಅಚ್ಚು ಹಾಕಿಸಿದ್ದೀರಿ. ಎರಡನೇ ಮುದ್ರಣದಲ್ಲಾದರೂ ತಿದ್ದಿ.