ನೆಟ್‌ವರ್ಕ್ ಸ್ವಿಚ್‌ಗೆ ಎಸ್‌ಎನ್‌ಎಂಪಿ ವಿ3 ಹಾಕುವಾಗ ಯಾವುದನ್ನು ಆರಿಸಲಿ?

ಪ್ರಶ್ನೆ: ಸರ್, ನಮ್ಮಲ್ಲಿ ಸುಮಾರು 40 ಸ್ವಿಚ್‌ಗಳಿವೆ. ಅವುಗಳನ್ನು ದೂರದಿಂದ ಗಮನಿಸಲು ಬಳಸುವ ಎಸ್‌ಎನ್‌ಎಂಪಿಯಲ್ಲಿ ಇಷ್ಟು ದಿನ ಹಳೆಯ ಆವೃತ್ತಿ ವಿ2ಸಿ ಇತ್ತು, ಅದರಲ್ಲಿ ಪಾಸ್‌ವರ್ಡ್‌ನಂತೆ ಬಳಸುವ ಕಮ್ಯುನಿಟಿ ಸ್ಟ್ರಿಂಗ್ ಕೂಡ 'ಪಬ್ಲಿಕ್' ಅಂತಲೇ (ನಗಬೇಡಿ). ವಿ3ಗೆ ಹೋಗಿ ಅಂತ ಆಡಿಟ್‌ನವರು ಬರೆದರು. ಯೂಸರ್ ಮಾಡಲು ಹೋದರೆ ಆಥೆಂಟಿಕೇಶನ್‌ಗೆ (ಯಾರೆಂದು ಖಾತ್ರಿ ಮಾಡಲು) ಎಂಡಿ5, ಎಸ್‌ಎಚ್‌ಎ, ಎನ್‌ಕ್ರಿಪ್ಷನ್‌ಗೆ (ಡೇಟಾ ಗುಪ್ತವಾಗಿಡಲು) ಡಿಇಎಸ್, ಎಇಎಸ್ 128, 256 ಅಂತ ಸಾಲಾಗಿ ಬಂತು. ಯಾಕೆ ತಲೆನೋವು ಅಂತ ಪ್ರತಿ ಸ್ವಿಚ್‌ನಲ್ಲೂ ಇದ್ದುದರಲ್ಲಿ ದೊಡ್ಡದನ್ನೇ ಆರಿಸಿದೆ. ಈಗ ಮಾನಿಟರಿಂಗ್ ಟೂಲ್‌ನಲ್ಲಿ ಅರ್ಧ ಸ್ವಿಚ್‌ಗಳು ಕೆಂಪು. ಪಾಸ್‌ವರ್ಡ್ ಹತ್ತು ಸಲ ನೋಡಿದ್ದೇನೆ, ಸರಿಯಾಗಿದೆ.

ಉತ್ತರ: ಕೆಂಪಾದವುಗಳಲ್ಲಿ ಆಥೆಂಟಿಕೇಶನ್ ಎಸ್‌ಎಚ್‌ಎ1 ಇದೆಯಾ ನೋಡಿ. ಇದ್ದರೆ ತಪ್ಪು ನಿಮ್ಮದಲ್ಲ. ಎಇಎಸ್‌ಗಳಲ್ಲಿ ಎಸ್‌ಎನ್‌ಎಂಪಿಗೆ ಸ್ಟ್ಯಾಂಡರ್ಡ್ ಆಗಿ ಬಂದದ್ದು 128 ಮಾತ್ರ, 2004ರ ಆರ್‌ಎಫ್‌ಸಿ 3826 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಲ್ಲಿ. 256 ಡ್ರಾಫ್ಟ್ ಹಂತದಲ್ಲೇ ಉಳಿಯಿತು. ಪಾಸ್‌ವರ್ಡ್‌ನಿಂದ ಕೀ ಮಾಡುವಾಗ ಎಸ್‌ಎಚ್‌ಎ1ರಿಂದ ಸಿಗುವುದು 20 ಬೈಟ್, ಎಇಎಸ್ 256ರ ಕೀಗೆ ಬೇಕಾದದ್ದು 32. ಉಳಿದ 12 ಬೈಟ್ ತುಂಬಲು ರೀಡರ್, ಬ್ಲೂಮೆಂಥಾಲ್ ಅಂತ ಎರಡು ದಾರಿಗಳಿವೆ, ಸ್ವಿಚ್ ಒಂದನ್ನು ಹಿಡಿದು ನಿಮ್ಮ ಟೂಲ್ ಇನ್ನೊಂದನ್ನು ಹಿಡಿದರೆ ಪಾಸ್‌ವರ್ಡ್ ಒಂದೇ ಆದರೂ ಕೀ ಬೇರೆಯಾಗುತ್ತದೆ. ಎಸ್‌ಎಚ್‌ಎ 256 ಇರುವ ಕಡೆ 32 ಬೈಟ್ ನೇರವಾಗಿ ಸಿಗುವುದರಿಂದ ಈ ರಗಳೆ ಇರುವುದಿಲ್ಲ.

ನಾನಾದರೆ ಎಲ್ಲ ಕಡೆ ಆಥ್‌ಪ್ರಿವ್ (ಆಥೆಂಟಿಕೇಶನ್, ಎನ್‌ಕ್ರಿಪ್ಷನ್ ಎರಡೂ), ಎಇಎಸ್ 128 ಹಾಕಿ ಮುಗಿಸುತ್ತೇನೆ. ಎಸ್‌ಎಚ್‌ಎ 256 ಇದ್ದಲ್ಲಿ ಅದು, ಇಲ್ಲದಿದ್ದರೆ ಎಸ್‌ಎಚ್‌ಎ1. 128 ಬಿಟ್ ಯಾರೂ ಒಡೆಯುವುದಿಲ್ಲ, ಒಡೆಯುವುದು ನಿಮ್ಮ ಪಾಸ್‌ವರ್ಡನ್ನು. ಒಂದೇ ಒಂದು ಪ್ಯಾಕೆಟ್ ಕೈಗೆ ಸಿಕ್ಕರೆ ಸಾಕು, ಸ್ವಿಚ್ ಮುಟ್ಟದೆ ತಮ್ಮ ಕಂಪ್ಯೂಟರ್‌ನಲ್ಲೇ ಕೂತು ಪಾಸ್‌ವರ್ಡ್ ಊಹಿಸುತ್ತಾ ಹೋಗಬಹುದು. ಸ್ವಿಚ್ 8 ಅಕ್ಷರ ಸಾಕು ಎನ್ನುತ್ತದೆ, ನೀವು 20ಕ್ಕಿಂತ ಜಾಸ್ತಿ ಇಡಿ. ಆಥ್‌ಗೆ ಒಂದು, ಪ್ರಿವ್‌ಗೆ ಇನ್ನೊಂದು. ಬರೀ ಮಾನಿಟರ್ ಮಾಡಲು ರೀಡ್ ಓನ್ಲಿ ಯೂಸರ್ ಸಾಕಲ್ವಾ? ಆಮೇಲೆ ಆ 'ಪಬ್ಲಿಕ್' ಸ್ಟ್ರಿಂಗ್ ತೆಗೆದಿರಾ? ವಿ3 ಹಾಕಿದ ಮಾತ್ರಕ್ಕೆ ವಿ2ಸಿ ತಾನಾಗಿ ಹೋಗುವುದಿಲ್ಲ. ಸ್ವಿಚ್‌ಗೆ ಲಾಗಿನ್ ಆಗುವ ಟೆಲ್ನೆಟ್ ಕೂಡ ಮುಚ್ಚಿ, ಎನ್‌ಕ್ರಿಪ್ಟ್ ಆಗುವ ಎಸ್‌ಎಸ್‌ಎಚ್ ಸಾಕು.

ಪ್ರಶ್ನೆ: ಹೌದು ಸರ್, ಕೆಂಪಾದದ್ದೆಲ್ಲ ಎಸ್‌ಎಚ್‌ಎ1. 128 ಮಾಡಿದ ಕೂಡಲೇ ಹಸಿರಾಯಿತು! 'ಪಬ್ಲಿಕ್' ಇನ್ನೂ ಇತ್ತು, ಈಗ ತೆಗೆದೆ. ಮೂರು ಹಳೆಯ ಸ್ವಿಚ್‌ಗಳು ಮಾತ್ರ ಎಂಡಿ5, ಡಿಇಎಸ್ ಬಿಟ್ಟು ಏನೂ ಕೊಡುತ್ತಿಲ್ಲ. ಎನ್‌ಕ್ರಿಪ್ಷನ್ನೇ ಬೇಡ ಅಂತ ಬಿಡಲಾ?

ಉತ್ತರ: ಬಿಡಬೇಡಿ. ಡಿಇಎಸ್‌ನ 56 ಬಿಟ್ ಕೀಯನ್ನು 1998ರಲ್ಲೇ ಮೂರು ದಿನದೊಳಗೆ ಒಡೆದು ತೋರಿಸಿದ್ದಾರೆ, ಆದರೂ ಬರಿಗಣ್ಣಿಗೆ ಕಾಣುವ ಡೇಟಾಗಿಂತ ವಾಸಿ. ಮೊದಲು ಹೊಸ ಫರ್ಮ್‌ವೇರ್ ಇದೆಯಾ ಹುಡುಕಿ. ಇಲ್ಲವಾದರೆ ಆ ಮೂರಕ್ಕೆ ಬೇರೆಯೇ ಯೂಸರ್, ಬೇರೆಯೇ ಪಾಸ್‌ವರ್ಡ್ ಕೊಟ್ಟು ಮ್ಯಾನೇಜ್‌ಮೆಂಟ್ ವಿಲ್ಯಾನ್‌ನಲ್ಲಿ (ನಿರ್ವಹಣೆಗೆಂದೇ ಬೇರ್ಪಡಿಸಿದ ನೆಟ್‌ವರ್ಕ್ ಭಾಗದಲ್ಲಿ) ಇಡಿ, ಮಾನಿಟರಿಂಗ್ ಸರ್ವರ್‌ನ ಐಪಿ ಒಂದಕ್ಕೆ ಮಾತ್ರ ಎಸ್‌ಎನ್‌ಎಂಪಿ ಬಳಸುವ ಯುಡಿಪಿ 161 ಪೋರ್ಟ್ ತೆರೆಯಿರಿ. ಬದಲಿಸುವ ಪಟ್ಟಿಯಲ್ಲಿ ಅವೇ ಮೊದಲು.

ಇನ್ನೊಬ್ಬರು: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಕೆಟ್ಟ ಸ್ವಿಚ್ ತೆಗೆದು ಹೊಸದಕ್ಕೆ ಅದೇ ಕಾನ್ಫಿಗ್ ಹಾಕಿದೆ, ಎಲ್ಲ ಸರಿ, ವಿ3 ಮಾತ್ರ ಇಲ್ಲ.

ಉತ್ತರ: ಎಂಜಿನ್ ಐಡಿ (ಪ್ರತಿ ಸ್ವಿಚ್‌ಗೂ ಬೇರೆಯಾಗಿರುವ ಎಸ್‌ಎನ್‌ಎಂಪಿ ಗುರುತು) ಬದಲಾಗಿದೆ. ವಿ3ರ ಕೀ ತಯಾರಾಗುವುದು ಪಾಸ್‌ವರ್ಡ್ ಮತ್ತು ಎಂಜಿನ್ ಐಡಿ ಎರಡೂ ಸೇರಿ. ಯೂಸರ್ ಅಳಿಸಿ ಮತ್ತೆ ಮಾಡಿ.