ಕೃಷಿ ಬಿ.ಎಸ್ಸಿ.ಗೆ ಕಳಿಸೋದಾ, ಊರಿನ ರೈತ ಕಂಪನಿಗೆ ಸೇರಿಸೋದಾ? ಅನುಭವ ಇದ್ದವರು ಹೇಳಿ

ಮಾವಿನ ತೋಪು (ಶ್ರೀನಿವಾಸಪುರ):
ತಂಗಿ ಎರಡನೇ ಪಿಯುಸಿ ಮುಗಿಸಿದ್ದಾಳೆ. ಮನೆಯಲ್ಲಿ ಎರಡೂವರೆ ಎಕರೆ ಮಾವು, ಎರಡು ಬೋರು, ಒಂದು ಬತ್ತಿದೆ. ವ್ಯವಸಾಯಗಾರರ ಕೋಟಾದಲ್ಲಿ ಕೃಷಿ ಬಿ.ಎಸ್ಸಿ. ಸೀಟು ಸಿಗುವ ಆಸೆ ಇದೆ. ಇನ್ನೊಂದು ಕಡೆ ನಮ್ಮ ಹೋಬಳಿಯ ರೈತ ಉತ್ಪಾದಕ ಕಂಪನಿಯವರು (ರೈತರೇ ಷೇರು ಹಾಕಿ ನಡೆಸೋ ಕಂಪನಿ) "ಯುವಕರೇ ಮುಂದೆ ನಿಂತು ನಡೆಸಬೇಕು, ಕಳಿಸಿ" ಅಂತಿದ್ದಾರೆ. ರೈತರ ಮಕ್ಕಳಿಗೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್, ಆ ರೈತ ವಿದ್ಯಾನಿಧಿ ನಂಬಿಕೊಂಡು ಕಾಲೇಜಿಗೆ ಸೇರಿಸಬಹುದಾ?

ತಾತನ ಪಹಣಿ (ಮುಳಬಾಗಿಲು):
ನಂಬಿಕೊಂಡವನು ನಾನು, ಕೇಳಿ. 2021ರಲ್ಲಿ ವಿದ್ಯಾನಿಧಿ ಶುರುವಾದಾಗ ನಾನು ಬಿ.ಕಾಂ. ಮೊದಲ ವರ್ಷ. ನಮಗೆ 5,000, ಹುಡುಗಿಯರಿಗೆ 5,500. ಅಪ್ಪನ ಹೆಸರಲ್ಲಿ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು ಅಂದರು. ಪಹಣಿ ತಾತನ ಹೆಸರಲ್ಲಿ. ತಾತ ತೀರಿಕೊಂಡು ಹನ್ನೊಂದು ವರ್ಷ. ಸರಿ, ಜಮೀನು ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆಗೆ ಹೊರಟೆವು. ವಂಶವೃಕ್ಷಕ್ಕೆ ಮೂರು ಸಲ ಓಡಾಟ. ಅತ್ತೆಯರಿಬ್ಬರ ಸಹಿ ಬೇಕು, ದೊಡ್ಡತ್ತೆ ಇರೋದು ಚಿತ್ತೂರಿನಲ್ಲಿ. ಅವರಿಗೆ ಸೀರೆ 1,850. ಹೋಗಿಬರೋ ಬಸ್ಸು, ಊಟ 1,240. ಅಫಿಡವಿಟ್, ನೋಟರಿ, ಝೆರಾಕ್ಸ್ 900. ಒಂದು ಕಚೇರಿಯಲ್ಲಿ ಒಬ್ಬರ "ಕಾಫಿ"ಗೆ 2,000. ಅಪ್ಪ ಕೂಲಿ ಬಿಟ್ಟ ದಿನಗಳದ್ದು 3,350. ಒಟ್ಟು 9,340. ಡೈರಿ ಇವತ್ತಿಗೂ ಇದೆ.

ಕೊನೆಗೆ ಹಣ ಬಂತು. ಎಲ್ಲಿಗೆ? ಹೈಸ್ಕೂಲಿನಲ್ಲಿ ತೆರೆಸಿ ಮರೆತೇ ಹೋಗಿದ್ದ ಖಾತೆಗೆ, ಆಧಾರ್ ಅಲ್ಲಿಗೇ ಜೋಡಣೆ ಆಗಿತ್ತು. ಕನಿಷ್ಠ ಮೊತ್ತ ಇಲ್ಲ ಅಂತ 1,100 ಹಿಡಿದುಕೊಂಡರು. ಕೈಗೆ ಸಿಕ್ಕಿದ್ದು 3,900.

ಚಂದ್ರಿಕೆ (ಶಿಡ್ಲಘಟ್ಟ):
ಹನ್ನೊಂದು ವರ್ಷ ಖಾತೆ ಮಾಡಿಸದೆ ಕೂತಿದ್ದು ನಿಮ್ಮ ಮನೆಯವರು. ಅದನ್ನು ವಿದ್ಯಾನಿಧಿ ಲೆಕ್ಕಕ್ಕೆ ಯಾಕೆ ಸೇರಿಸ್ತೀರಿ? ಆ ಸೀರೆನೂ ಸ್ಕಾಲರ್‌ಶಿಪ್ ಖರ್ಚಾ?

ನನ್ನ ಮಾತು ಬೇರೆ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟೆ. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳು ಸಾಕ್ತೀನಿ. ಮೊದಲ ವರ್ಷ ಎರಡು ಬೆಳೆ ಸಪ್ಪೆ ರೋಗಕ್ಕೆ ಹೋಯಿತು. ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ಹುಳು, ಗೂಡಿಗೆ ಇನ್ನೊಂದೇ ವಾರ ಅನ್ನುವಾಗ. ಬುಟ್ಟಿಗಟ್ಟಲೆ ಗುಂಡಿಗೆ ಸುರಿದು ಸುಣ್ಣ ಹಾಕಿದೆ. ಮೂರನೇ ಬೆಳೆಗೆ ಊಜಿ ನೊಣ. ಪರದೆ ಕಟ್ಟಿಸೋಕೆ ಕಿವಿಯೋಲೆ ಅಡ ಇಟ್ಟೆ. ಈಗ 150 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಅಷ್ಟೂ ಸೇರಿ ಒಂದು ಲೆಕ್ಕ) 110 ಕೆ.ಜಿ. ಗೂಡು ತೆಗೀತೀನಿ. ಜಿಕೆವಿಕೆ (ಬೆಂಗಳೂರು ಕೃಷಿ ವಿ.ವಿ.) ಕೃಷಿ ಮೇಳದಲ್ಲಿ ತಾಲ್ಲೂಕು ಮಟ್ಟದ ಯುವ ರೈತ ಮಹಿಳೆ ಪ್ರಶಸ್ತಿ ಕೊಟ್ಟರು. ನಮ್ಮ ಮಾವ ಅಲ್ಲಿಯವರೆಗೂ "ಓದು ಬಿಟ್ಟವಳು" ಅಂತಿದ್ದರು.

ಪ್ರೋಟ್ರೇ (ಚಿಂತಾಮಣಿ):
ಶಾಲು, ಹಾರದ ಫೋಟೋ ಗೋಡೆಗೆ. ಅದಿರಲಿ.

ಕೋಟಾ ಅಂದರೆ ಪಹಣಿ ತೋರಿಸಿದರೆ ಸೀಟು ಅಂದುಕೊಳ್ಳಬೇಡಿ. ಪ್ರಾಕ್ಟಿಕಲ್ ಪರೀಕ್ಷೆ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ನಾನು ಅಲ್ಲೇ ಬಿದ್ದವನು. ಹುಟ್ಟಿದಾಗಿನಿಂದ ರಾಗಿ ಹೊಲದಲ್ಲಿ ಬಿದ್ದು ಎದ್ದವನಿಗೆ ನವಣೆ ಯಾವುದು, ಸಾಮೆ ಯಾವುದು ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಬೆಂಗಳೂರಿನ ಹುಡುಗ ಕೋಚಿಂಗ್ ತಗೊಂಡು ಬಂದಿದ್ದ, ಪಟಪಟ ಬರೆದ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಎರಡು ವರ್ಷದ ಕೃಷಿ ಡಿಪ್ಲೊಮಾ ಮಾಡಿದೆ. ಆಮೇಲೆ ಕೃಷಿ ಓದಿದವರು ಸ್ವಂತ ಉದ್ಯಮ ಮಾಡೋಕೆ ಕೇಂದ್ರದವರು ಇಟ್ಟಿರೋ ಆಗ್ರಿ ಕ್ಲಿನಿಕ್ ಯೋಜನೆಯ 45 ದಿನದ ತರಬೇತಿ, ಅದು ಪುಕ್ಕಟೆ. ತರಕಾರಿ ಸಸಿ ನರ್ಸರಿಗೆ 12 ಲಕ್ಷದ ಪ್ರಾಜೆಕ್ಟ್ ಬರೆಸಿದೆ. ಸಬ್ಸಿಡಿ ಶೇ. 36, ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿಗೆ ಶೇ. 44. ನನ್ನ ಪಾಲಿನ ಸಬ್ಸಿಡಿ 4,32,000. ಕೈಗೆ ಬರುತ್ತೆ ಅಂತ ನೆರಳುಪರದೆಯವನಿಗೆ ಅಡ್ವಾನ್ಸ್ ಕೊಟ್ಟುಬಿಟ್ಟೆ. ಅದು ಕೈಗೆ ಬರಲ್ಲ ಸ್ವಾಮಿ! ಬ್ಯಾಂಕಿನಲ್ಲೇ ಬೇರೆ ಇಟ್ಟಿರುತ್ತಾರೆ, ಕೊನೆಯಲ್ಲಿ ಸಾಲಕ್ಕೆ ವಜಾ. ಅಲ್ಲಿವರೆಗೆ ಮೂರು ವರ್ಷ ಬಾಗಿಲು ಮುಚ್ಚೋ ಹಾಗಿಲ್ಲ.

2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ ಟೊಮ್ಯಾಟೊ 2,000 ದಾಟಿತಲ್ಲ, ಜನ ರಾತ್ರಿ ಹತ್ತಕ್ಕೂ ಸಸಿ ಕೇಳಿಕೊಂಡು ಬಂದರು. 640 ಟ್ರೇ ಹಾಕಿದೆ, ಒಂದಕ್ಕೆ 98 ಕುಳಿ. ಸೆಪ್ಟೆಂಬರ್‌ಗೆ ರೇಟು ಬಿತ್ತು. ಒಬ್ಬನೂ ಫೋನ್ ಎತ್ತಲಿಲ್ಲ. ಇಪ್ಪತ್ತೈದು ದಿನ ದಾಟಿದ ಸಸಿ ಎಳೆದುಕೊಂಡು ದಾರದ ಹಾಗಾಗುತ್ತೆ. ಅಷ್ಟೂ ತಿಪ್ಪೆಗೆ. ಬೀಜದ ದುಡ್ಡೇ 48,000.

ಮಾಜಿ ಸಿಇಒ (ಮಧುಗಿರಿ):
ರೈತ ಕಂಪನಿ ವಿಷಯ ಯಾರೂ ಎತ್ತಲಿಲ್ಲವಲ್ಲ. 2020ರಲ್ಲಿ ಕೇಂದ್ರದವರು 10,000 ರೈತ ಉತ್ಪಾದಕ ಸಂಸ್ಥೆ ಮಾಡ್ತೀವಿ ಅಂದಾಗ ಹುಟ್ಟಿದ ಕಂಪನಿಗಳಲ್ಲಿ ಒಂದಕ್ಕೆ ನಾನು ಸಿಇಒ ಆದೆ. ಇಪ್ಪತ್ತನಾಲ್ಕು ವಯಸ್ಸು. ಹೆಸರು ದೊಡ್ಡದು, ಸಂಬಳ 25,000. ಅದೂ ಯೋಜನೆಯ ಮೂರು ವರ್ಷ, ಒಂದು ಕಂಪನಿಗೆ ಕೊಡೋ ಒಟ್ಟು 18 ಲಕ್ಷದ ಒಳಗೆ. ಆಮೇಲೆ ಕಂಪನಿ ದುಡಿದು ಕೊಡಬೇಕು. ಶೇಂಗಾ, ಹುಣಸೆ ಮಾರಿ ಎಷ್ಟು ಉಳಿಯುತ್ತೆ ಅಂತ ನೀವೇ ಹೇಳಿ.

300 ಜನ ಷೇರುದಾರರು ಆಗಬೇಕು. ಒಬ್ಬೊಬ್ಬರ ಮನೆಗೆ ನಾಲ್ಕು ಸಲ. ತಿಂಗಳಿಗೆ ಪೆಟ್ರೋಲ್ 4,200, ಕೊಟ್ಟಿದ್ದು 1,500. ನಿರ್ದೇಶಕರು ಏಳೂ ಜನ ಅರವತ್ತು ದಾಟಿದವರು. ನಾನು ಬಾಯಿಬಿಟ್ಟರೆ "ಮಗಾ, ನೀನು ಟೀ ಹೇಳು". ಇದು ಯುವ ನಾಯಕತ್ವ! ವರ್ಷದ ಲೆಕ್ಕದ ಫಾರಂ ಎರಡು, ತಡವಾದರೆ ದಿನಕ್ಕೆ ನೂರು ನೂರು. ಅಧ್ಯಕ್ಷರು ಸಹಿ ಹಾಕದೆ ಮಗಳ ಮದುವೆ ಅಂತ ಓಡಾಡಿದರು. 140 ದಿನ, 28,000. ಬೈದಿದ್ದು ನನ್ನನ್ನು.

ಚಂದ್ರಿಕೆ:
ಪ್ರೋಟ್ರೇ ಅವರೇ, ಶಾಲಿನ ಮಾತು ಆಡಿದಿರಲ್ಲ, ನಿಮ್ಮ ಸಸಿ ತಗೊಂಡು ಬೀದಿಗೆ ಬಂದವರಲ್ಲಿ ನಮ್ಮ ತಮ್ಮನೂ ಒಬ್ಬ. ಜುಲೈನಲ್ಲಿ ಒಂದು ಸಸಿಗೆ ಎಷ್ಟು ಕಿತ್ತುಕೊಂಡಿರಿ, ಅದನ್ನೂ ಬರೀರಿ.

ಪ್ರೋಟ್ರೇ:
ಎರಡೂಕಾಲು. ಮಾರುಕಟ್ಟೆ ರೇಟು. ಗೂಡಿಗೆ ರೇಟು ಬಂದಾಗ ನೀವೇನು ಧರ್ಮಕ್ಕೆ ಕೊಡ್ತೀರಾ?

ಎರಡನೇ ಸೆಮ್ (ಕೋಲಾರ, ಈಗ ಜಿಕೆವಿಕೆ):
ಕೋಟಾದಲ್ಲೇ ಬಂದವಳು ನಾನು. ರೈತರ ಮಕ್ಕಳಿಗೆ ಶೇ. 40 ಇದ್ದದ್ದನ್ನು 50 ಮಾಡಿದ್ದಾರೆ, ದಾರಿ ಇದೆ. ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕಲಿಯುವಾಗ ತಿಂಗಳಿಗೆ 3,000 ಭತ್ಯೆ ಕೂಡ ಇದೆ.

ತಾತನ ಪಹಣಿ:
ಓದಿ ಏನು ಮಾಡ್ತೀಯಮ್ಮ? ಬ್ಯಾಂಕಿನ ಕೃಷಿ ಅಧಿಕಾರಿ ಪರೀಕ್ಷೆ ತಾನೇ? ರೈತರ ಕೋಟಾ, ಎಸಿ ರೂಮು.

ಎರಡನೇ ಸೆಮ್:
ಹೌದು, ಅದನ್ನೇ ಬರೀತೀನಿ. ನಮ್ಮದು ಮೂರು ಬೋರು, ಕೊನೆಯದು 1,400 ಅಡಿ, ಧೂಳು ಬಂತು. ಸಾಲ ತೀರಿಸೋಕೆ ಸಂಬಳ ಬೇಕು. ತಪ್ಪಾ?

ಮಾಜಿ ಸಿಇಒ:
ಕೋಲಾರದವರಿಗೆ ಕೆರೆ ತುಂಬಿಸೋ ಕೆ.ಸಿ. ವ್ಯಾಲಿ ಯೋಜನೆಯ ನೀರಾದರೂ ಬಂತು. ನಮ್ಮ ಕಡೆ ಅದೂ ಇಲ್ಲ.

ತಾತನ ಪಹಣಿ:
ಬೆಂಗಳೂರಿನ ಚರಂಡಿ ನೀರು ಸ್ವಾಮಿ ಅದು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಕೇಳಿ ಕೇಳಿ ಗಂಟಲು ಬತ್ತಿದೆ.

ಎರಡನೇ ಸೆಮ್:
2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಆ ನೀರು ಬಂದ ದಿನ ನಮ್ಮಜ್ಜಿ ಕೋಡಿ ನೋಡೋಕೆ ಅಂತ ನಡೆದುಕೊಂಡು ಹೋಗಿದ್ದರು. ಬೇಡದವರು ಬಿಡಿ.

ಮಾವಿನ ತೋಪು:
ಎಲ್ಲರಿಗೂ ನಮಸ್ಕಾರ. ನಮ್ಮ ಪಹಣಿಯೂ ತಾತನ ಹೆಸರಲ್ಲೇ ಇದೆ ಅಂತ ಈಗ ನೋಡಿದೆ. ಅತ್ತೆ ಮೂವರು. ಅದಿರಲಿ, ತಂಗಿ ಕೇಳ್ತಿದ್ದಾಳೆ, ನವಣೆ, ಸಾಮೆ ಒಂದೊಂದು ಹಿಡಿ ಎಲ್ಲಿ ಸಿಗುತ್ತೆ?

ಪ್ರೋಟ್ರೇ:
ನನ್ನ ಹತ್ತಿರ ಡಬ್ಬಿಯಲ್ಲಿ ಎರಡೂ ಇದೆ. ಚೀಟಿ ಅಂಟಿಸಿದ್ದೇನೆ. ಚಿಂತಾಮಣಿಗೆ ಬಂದರೆ ತಗೊಂಡು ಹೋಗಿ.

ಚಂದ್ರಿಕೆ:
ಹಿಡಿಗೆ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.