ಚಿತ್ರ ಸೀಳುವುದು ನಿಂತ ಮೇಲೆ ಪರದೆ ಮಿಣುಕತೊಡಗಿದೆ: ಕರೆಂಟಿನ ದೋಷವೇ?

ಪ್ರಶ್ನೆ (ಶಿರಸಿಯಿಂದ)

ಎರಡು ತಿಂಗಳ ಹಿಂದೆ 27 ಇಂಚಿನ, 2560×1440 ರೆಸೊಲ್ಯೂಶನ್ನಿನ, 144 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬರೆಯುವ ವೇಗದ) ವಿಎ ಪ್ಯಾನೆಲ್ (ಎಲ್‌ಸಿಡಿ ಪರದೆಯ ಒಂದು ಬಗೆ) ಮಾನಿಟರ್ ಕೊಂಡೆ. ಗ್ರಾಫಿಕ್ಸ್ ಕಾರ್ಡ್ ಎನ್ವಿಡಿಯಾದ್ದು. ಆಟದಲ್ಲಿ ರಭಸವಾಗಿ ತಿರುಗಿದಾಗಲೆಲ್ಲ ಚಿತ್ರವು ಅಡ್ಡಲಾಗಿ ಸೀಳಿ, ಮೇಲಿನ ಭಾಗ ಒಂದೆಡೆ, ಕೆಳಗಿನದು ಇನ್ನೊಂದೆಡೆ ಸರಿದಂತೆ ಕಾಣುತ್ತಿತ್ತು. ಮಾನಿಟರಿನ ವೇಗವನ್ನು ಕಾರ್ಡಿನ ವೇಗಕ್ಕೆ ಹೊಂದಿಸುವ ಜಿ-ಸಿಂಕ್ ಹಾಕಿದ ಮೇಲೆ ಅದು ನಿಂತಿತು. ಆದರೆ ಈಗ ಕತ್ತಲೆಯ ದೃಶ್ಯಗಳಲ್ಲಿ, ಅದರಲ್ಲೂ ಆಟ ಲೋಡ್ ಆಗುವಾಗ, ಇಡೀ ಪರದೆ ಚಿಮಣಿ ಬುಡ್ಡಿಯಂತೆ ಮಿಣುಕುತ್ತದೆ. ನಮ್ಮದು ತೋಟದ ಮನೆ. ಮಳೆಗಾಲದಲ್ಲಿ ವೋಲ್ಟೇಜ್ ಏರಿಳಿತ ಇದ್ದದ್ದೇ. ಸ್ಟೆಬಿಲೈಜರ್ ತರಬೇಕೆಂದು ಮನೆಯವರ ಅಭಿಪ್ರಾಯ. ತರಲೇ?

ಉತ್ತರ 1 (ಕಾರವಾರದಿಂದ)

ದಯವಿಟ್ಟು ಈಗಲೇ ತರಬೇಡಿ. ಮಾನಿಟರ್‌ನ ಅಡಾಪ್ಟರ್‌ಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ಒಪ್ಪಿಕೊಂಡು ಒಳಗೆ ಸ್ಥಿರವಾದ ಡಿಸಿಯನ್ನೇ ಕೊಡುತ್ತವೆ. ಪರದೆ ಮಿಣುಕಿದ ಕ್ಷಣದಲ್ಲೇ ಕೋಣೆಯ ಬಲ್ಬೂ ಮಿಣುಕುತ್ತದೆಯೇ ನೋಡಿ. ಇಲ್ಲವಾದರೆ ಕರೆಂಟನ್ನು ದೂರುವುದರಲ್ಲಿ ಅರ್ಥವಿಲ್ಲ.

ನಿಮ್ಮ ಮೊದಲ ತೊಂದರೆಗೆ ಮಾಡಿದ ಮದ್ದೇ ಎರಡನೆಯದಕ್ಕೆ ಕಾರಣವಾಗಿರುವಂತೆ ತೋರುತ್ತದೆ. 144 ಹರ್ಟ್ಸ್‌ನಲ್ಲಿ ಮಾನಿಟರ್ ಸುಮಾರು 6.9 ಮಿಲಿಸೆಕೆಂಡಿಗೊಮ್ಮೆ ಮೇಲಿನಿಂದ ಕೆಳಕ್ಕೆ ಚಿತ್ರ ಬರೆಯುತ್ತದೆ. ಆ ಬರವಣಿಗೆಯ ನಡುವೆಯೇ ಕಾರ್ಡ್ ಹೊಸ ಫ್ರೇಮ್ (ಆಟದ ಮುಂದಿನ ಚಿತ್ರ) ತಂದಿಟ್ಟರೆ ಮೇಲೆ ಹಳೆಯದು, ಕೆಳಗೆ ಹೊಸದು ಉಳಿದು ಸೀಳು ಕಾಣುತ್ತದೆ. ಇದನ್ನು ತಡೆಯುವ ಹಳೆಯ ಉಪಾಯವಾದ ವಿ-ಸಿಂಕ್ ಕಾರ್ಡನ್ನು ಕಾಯಿಸುತ್ತದೆ, ಹಾಗಾಗಿ ಮೌಸ್ ತುಸು ಜಡವಾಗುತ್ತದೆ. ಜಿ-ಸಿಂಕ್ ಮತ್ತು ಅಂಥದ್ದೇ ಆದ ಎಎಂಡಿಯ ಫ್ರೀಸಿಂಕ್ ಮಾನಿಟರನ್ನೇ ಕಾಯಿಸುತ್ತವೆ. ಎನ್ವಿಡಿಯಾ 2013ರಲ್ಲಿ ಜಿ-ಸಿಂಕಿಗೆಂದೇ ಮಾನಿಟರಿನೊಳಗೆ ಕೂರುವ ಪ್ರತ್ಯೇಕ ಮಾಡ್ಯೂಲ್ ತಂದಿತ್ತು. 2019ರ ಜನವರಿಯ ಡ್ರೈವರ್‌ನಿಂದೀಚೆಗೆ ಆ ಮಾಡ್ಯೂಲ್ ಇಲ್ಲದ ಅಡಾಪ್ಟಿವ್ ಸಿಂಕ್ (ವೇಗ ಬದಲಿಸಬಲ್ಲ) ಮಾನಿಟರ್‌ಗಳಲ್ಲೂ ಜಿ-ಸಿಂಕ್ ನಡೆಯುತ್ತದೆ. ನಿಮ್ಮದು ಬಹುಶಃ ಆ ಜಾತಿಯದು.

ತೊಡಕು ಇರುವುದು ಇಲ್ಲಿ: ಪ್ಯಾನೆಲ್ಲಿನ ಹೊಳಪನ್ನು ಸಾಮಾನ್ಯವಾಗಿ ಗರಿಷ್ಠ ವೇಗಕ್ಕೆ ಹೊಂದಿಸಿರುತ್ತಾರೆ. ವೇಗ ಇಳಿದಾಗ ಕಡುಬೂದು ಬಣ್ಣಗಳ ಹೊಳಪು ಕೊಂಚ ಬದಲಾಗುತ್ತದೆ, ಮತ್ತು ವೇಗವು ಏರುತ್ತ ಇಳಿಯುತ್ತ ಇದ್ದರೆ ಆ ಬದಲಾವಣೆಯೇ ಮಿಣುಕಾಗಿ ಕಣ್ಣಿಗೆ ಬೀಳುತ್ತದೆ. ವಿಎ ಮತ್ತು ಓಎಲ್‌ಇಡಿ ಪರದೆಗಳಲ್ಲಿ ಇದು ಹೆಚ್ಚು, ಐಪಿಎಸ್ ಪರದೆಗಳಲ್ಲಿ ಕಡಿಮೆ. ಕೆಳಮಿತಿ 48 ಹರ್ಟ್ಸ್ ಇರುವ ಮಾನಿಟರಿನಲ್ಲಿ ಆಟ ಸೆಕೆಂಡಿಗೆ 47 ಫ್ರೇಮ್‌ಗೆ ಇಳಿದರೆ ಡ್ರೈವರ್ ಪ್ರತಿ ಫ್ರೇಮನ್ನೂ ಎರಡೆರಡು ಸಲ ಕಳಿಸಿ 94 ಹರ್ಟ್ಸ್‌ಗೆ ಜಿಗಿಯುತ್ತದೆ.

ಆದ್ದರಿಂದ ಡ್ರೈವರ್ ಸೆಟ್ಟಿಂಗ್‌ನ ಮ್ಯಾಕ್ಸ್ ಫ್ರೇಮ್ ರೇಟ್‌ನಲ್ಲಿ, ನಿಮ್ಮ ಕಾರ್ಡ್ ಏದುಸಿರು ಬಿಡದೆ ಕಾಯ್ದುಕೊಳ್ಳಬಲ್ಲ ಸಂಖ್ಯೆಯೊಂದನ್ನು ಮಿತಿಯಾಗಿ ಕೊಡಿ. ಎಷ್ಟೇ ಬಲಿಷ್ಠ ಕಾರ್ಡ್ ಇದ್ದರೂ 141 ದಾಟಿಸಬೇಡಿ, 144ರ ಮೇಲ್ಮಿತಿ ಮೀರಿದರೆ ಸೀಳು ಮರಳಿ ಬರಬಹುದು. ಜಿ-ಸಿಂಕನ್ನು ಫುಲ್ ಸ್ಕ್ರೀನಿಗೆ ಮಾತ್ರ ಸೀಮಿತಗೊಳಿಸಿ.

ಉತ್ತರ 2 (ಕುಮಟಾದಿಂದ)

ಮೇಲಿನ ವಿವರಣೆ ಸರಿಯಾಗಿದೆ. ಆದರೆ ಪರದೆ ಒಂದೆರಡು ಸೆಕೆಂಡು ಪೂರ್ತಿ ಕಪ್ಪಾಗಿ ಮರಳುತ್ತಿದ್ದರೆ ಅದು ಬೇರೆಯೇ ರೋಗ, ಕೇಬಲ್ಲಿನದು. 2560×1440ರಲ್ಲಿ 144 ಹರ್ಟ್ಸ್‌ಗೆ ಸೆಕೆಂಡಿಗೆ ಸುಮಾರು 14 ಗಿಗಾಬಿಟ್ ಬೇಕು; ಡಿಸ್‌ಪ್ಲೇಪೋರ್ಟ್ 1.2 (ಮಾನಿಟರ್ ಜೋಡಣೆಯ ಒಂದು ಮಾನಕ) ಸಾಗಿಸಬಲ್ಲದ್ದು 17.28, ಅಂದರೆ ಕಳಪೆ ಕೇಬಲ್ಲಿಗೆ ಉಸಿರಾಡಲು ಹೆಚ್ಚು ಜಾಗವಿಲ್ಲ. ಕಡಲ ಗಾಳಿಗೆ ನನ್ನ ಕೇಬಲ್ಲಿನ ಪಿನ್ನುಗಳು ಎರಡೇ ಮಳೆಗಾಲದಲ್ಲಿ ಕಿಲುಬು ಹಿಡಿದಿದ್ದವು. 60 ಹರ್ಟ್ಸ್‌ಗೆ ಇಳಿಸಿದಾಗ ಕಪ್ಪಾಗುವುದು ನಿಂತಿದ್ದರಿಂದಲೇ ಪತ್ತೆಯಾಯಿತು.

ಪ್ರಶ್ನೆ ಕೇಳಿದವರಿಂದ

ಬಲ್ಬು ಒಮ್ಮೆಯೂ ಮಿಣುಕಲಿಲ್ಲ. ಮಾನಿಟರಿನ ಮೆನುವಿನಲ್ಲಿ ವೇಗದ ಅಂಕಿ ತೆರೆದಿಟ್ಟು ನೋಡಿದಾಗ, ಗವಿಯ ದೃಶ್ಯವೊಂದರಲ್ಲಿ ಅದು 50ರಿಂದ ಏಕಾಏಕಿ 95ಕ್ಕೆ ಹಾರುತ್ತಿತ್ತು. ನೆರಳುಗಳ ಗುಣಮಟ್ಟವನ್ನು ಒಂದು ಮೆಟ್ಟಿಲು ತಗ್ಗಿಸಿ ಮಿತಿಯನ್ನು 80 ಮಾಡಿದ ಮೇಲೆ ಆಟದೊಳಗೆ ಮಿಣುಕು ಕಾಣುತ್ತಿಲ್ಲ. ಲೋಡಿಂಗ್ ಸಮಯದಲ್ಲಿ ಇನ್ನೂ ಉಳಿದಿದೆ; ಅಷ್ಟನ್ನು ಸಹಿಸಿಕೊಳ್ಳುತ್ತೇನೆ.